ಹಕ್ಕು ಬಿಟ್ಟವರು ಯಾರು? ಬಿಡಿಸಿಕೊಂಡವರು ಯಾರು?

ಕಳೆದ ಮಾರ್ಚ್ ತಿಂಗಳಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದವರು ಬಿಬವೇವಾಡಿಯ ಸಭಾಗೃಹವೊಂದರಲ್ಲಿ ಮಹಿಳಾ ದಿನಾಚರಣೆಯನ್ನು ಏರ್ಪಡಿಸಿದ್ದರು. ರಂಗವಲ್ಲಿಯ ಸ್ಪರ್ಧೆಯಾಯಿತು, ಅಡುಗೆಯ ಸ್ಪರ್ಧೆಯಾಯಿತು, ಇಳಕಲ್ ಸೀರೆ ಉಟ್ಟು ಬಂದವರಿಗೆ ಬೇರೆಯೇ ಒಂದು ಬಹುಮಾನವಿತ್ತು. ಮುಖ್ಯ ಅತಿಥಿಗಳು ನಿವೃತ್ತ ಅಧಿಕಾರಿಗಳು, ಓದಿಕೊಂಡವರು, ಸಜ್ಜನರು. ಹೆಣ್ಣುಮಕ್ಕಳು ಇಂದು ವಿಮಾನ ನಡೆಸುತ್ತಾರೆ, ಹಿಂಜವಡಿಯ ಕಂಪನಿಗಳಲ್ಲಿ ಗಂಡಸರಿಗಿಂತ ಹೆಚ್ಚು ಸಂಬಳ ತರುತ್ತಾರೆ, ಸಮಾನತೆ ಬಂದಾಯಿತು, ಇನ್ನು ಪುರುಷರೇ ತಮ್ಮ ರಕ್ಷಣೆಗೊಂದು ಸಂಘ ಕಟ್ಟಿಕೊಳ್ಳಬೇಕಾದೀತು ಎಂದು ಅವರು ಅಂದಾಗ ಸಭೆ ಗೊಳ್ಳೆಂದು ನಕ್ಕಿತು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಕಾರ್ಯಕ್ರಮದ ಕೊನೆಗೆ ಪ್ರತಿಯೊಬ್ಬ ಮಹಿಳೆಗೂ ಗುಳೇದಗುಡ್ಡದ ಒಂದು ಖಣ, ಒಂದು ತೆಂಗಿನಕಾಯಿ, ಅರಿಸಿನ ಕುಂಕುಮ ಕೊಟ್ಟು ಉಡಿ ತುಂಬಿದರು. ಆ ಖಣವನ್ನು ಕೈಯಲ್ಲಿ ಹಿಡಿದು ಮನೆಗೆ ನಡೆದು ಬರುವಾಗ ನನ್ನ ನಗು ಆರಿಹೋಗಿತ್ತು. ಅಂಥದೇ ಒಂದು ಖಣಕ್ಕೆ ನಾನು ಒಮ್ಮೆ ಎರಡು ಎಕರೆ ಎರೆಭೂಮಿಯನ್ನು ಬಿಟ್ಟುಕೊಟ್ಟಿದ್ದೆ ಎಂಬುದು ನೆನಪಾಯಿತು.

ಅತಿಥಿಗಳ ಮಾತು ಪೂರ್ತಿ ಸುಳ್ಳಲ್ಲ. 1995ರಲ್ಲಿ ಬೀಜಿಂಗ್‌ನಲ್ಲಿ ವಿಶ್ವಸಂಸ್ಥೆಯ ನಾಲ್ಕನೆಯ ಮಹಿಳಾ ಸಮ್ಮೇಳನ ನಡೆದಾಗ 189 ರಾಷ್ಟ್ರಗಳು ಒಪ್ಪಿಕೊಂಡ ಕಾರ್ಯಸೂಚಿಯನ್ನು ಈಗ ಮುಂದಿಟ್ಟುಕೊಂಡು ನೋಡಿದರೆ ಎಷ್ಟೋ ಸಂಗತಿಗಳು ಕೈಗೂಡಿವೆ. ಹೆಣ್ಣುಮಕ್ಕಳು ಶಾಲೆಗೆ ಬಂದಿದ್ದಾರೆ, ಬಾಣಂತಿಯರ ಸಾವು ಕಡಿಮೆಯಾಗಿದೆ, ರುವಾಂಡಾದಂತಹ ನೊಂದ ದೇಶದ ಸಂಸತ್ತಿನಲ್ಲಿ ಮಹಿಳೆಯರ ಸಂಖ್ಯೆ ಅರ್ಧವನ್ನು ಮೀರಿದೆ. ಆದರೆ ಗಡಿಯಾರದ ಮುಳ್ಳು ಹಿಂದಕ್ಕೂ ತಿರುಗುತ್ತದೆ. 2021ರಲ್ಲಿ ಅಫಘಾನಿಸ್ತಾನದ ಹೆಣ್ಣುಮಕ್ಕಳ ಮುಂದೆ ಪ್ರೌಢಶಾಲೆಯ ಬಾಗಿಲು ಮುಚ್ಚಿತು. 2022ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅರ್ಧ ಶತಮಾನದಿಂದ ಇದ್ದ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಹಿಂತೆಗೆದುಕೊಂಡಿತು. ವಿಶ್ವ ಆರ್ಥಿಕ ವೇದಿಕೆ 2025ರಲ್ಲಿ ಪ್ರಕಟಿಸಿದ ಲಿಂಗ ಅಂತರದ ಪಟ್ಟಿಯಲ್ಲಿ 148 ದೇಶಗಳ ಪೈಕಿ ನಮ್ಮ ದೇಶದ ಸ್ಥಾನ 131. ಇವೆಲ್ಲ ಪತ್ರಿಕೆಗಳಲ್ಲಿ ಬರುತ್ತವೆ, ಓದುತ್ತೇವೆ, ಮಡಚಿಡುತ್ತೇವೆ. ಪತ್ರಿಕೆಯಲ್ಲಿ ಬಾರದ ಒಂದು ಹಿನ್ನಡೆ ನಮ್ಮ ಮನೆಗಳಲ್ಲಿಯೇ, ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ಉಪನೋಂದಣಾಧಿಕಾರಿಗಳ ಕಚೇರಿಯ ಮರದ ಬೆಂಚಿನ ಮೇಲೆ ನಡೆಯುತ್ತಿದೆ. ನಾನು ಬರೆಯಹೊರಟಿರುವುದು ಅದರ ಬಗ್ಗೆ.

ಅದಕ್ಕೆ ಕನ್ನಡದಲ್ಲಿ ಹಕ್ಕು ಬಿಡುಗಡೆ ಪತ್ರ ಎಂದು ಹೆಸರು. ಇಲ್ಲಿಯ ಮರಾಠಿಯಲ್ಲಿ ಹಕ್ಕಸೋಡ ಪತ್ರ. ಎರಡೂ ಭಾಷೆಗಳಲ್ಲಿ ಬಿಡುವವಳು ಹೆಣ್ಣೇ. ‘ಸ್ವಖುಷಿಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ’ ಎಂಬ ಒಕ್ಕಣೆ ಎರಡರಲ್ಲೂ ತಪ್ಪದೆ ಇರುತ್ತದೆ. ಇಷ್ಟೊಂದು ಖುಷಿ ನಮ್ಮ ಹೆಣ್ಣುಮಕ್ಕಳ ಬಾಳಿನಲ್ಲಿ ಬೇರೆಲ್ಲೂ ದಾಖಲಾಗಿರುವುದನ್ನು ನಾನು ಕಂಡಿಲ್ಲ.

ನನ್ನ ತವರು ಬಾಗಲಕೋಟೆಯ ಕಡೆಯದು. ನನ್ನ ಮದುವೆಯಾದದ್ದು 1986ರಲ್ಲಿ. ತಾಯಿ ಮೊದಲೇ ತೀರಿಕೊಂಡಿದ್ದರು; ತಂದೆ 1996ರಲ್ಲಿ ಹೋದರು. ಇಬ್ಬರು ಅಣ್ಣಂದಿರು, ನಾನೊಬ್ಬಳು. ಪಿತ್ರಾರ್ಜಿತ ಭೂಮಿ 18 ಎಕರೆ. ಆಲಮಟ್ಟಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಹೊಲದ ಒಂದು ಭಾಗ ಹಿನ್ನೀರಿಗೆ ಹೋಗುವುದಿತ್ತು, ಪರಿಹಾರದ ಹಣ ಬರುವುದಿತ್ತು, ಕಾಗದಪತ್ರ ನೆಟ್ಟಗಾಗಬೇಕಿತ್ತು. ಅಲ್ಲಿಯವರೆಗೆ ಯಾರಿಗೂ ನೆನಪಾಗದಿದ್ದ ನನ್ನ ಹೆಸರು ಆಗ ನೆನಪಾಯಿತು. 1998ರ ಪಂಚಮಿಗೆ ದೊಡ್ಡಣ್ಣ ತಾನೇ ಪುಣೆಗೆ ಬಂದು ಕರೆದುಕೊಂಡು ಹೋದ. ಹಬ್ಬದ ಮರುದಿನ ತಾಲೂಕಿನ ಊರಿಗೆ ಹೋದೆವು. ‘ಒಂದು ಸಹಿ ಅಷ್ಟೇ ತಂಗಿ’ ಎಂದ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡೆ, ಸಹಿ ಹಾಕಿದೆ. ಅದೇ ದಿನ ಅಣ್ಣಂದಿರಿಬ್ಬರ ವಾಟ್ನಿ ಪತ್ರವೂ ನೋಂದಣಿಯಾಯಿತು. ಸಂಜೆ ಅತ್ತಿಗೆ ಉಡಿ ತುಂಬಿದಳು. ನನ್ನ ಅಣ್ಣ ಕೆಟ್ಟವನಲ್ಲ. ಈ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಈ ವಿಷಯದಲ್ಲಿ ಕೆಟ್ಟ ಅಣ್ಣನನ್ನು ಹುಡುಕುತ್ತ ಹೊರಟವರಿಗೆ ನಿಜ ಸಂಗತಿ ಸಿಗುವುದಿಲ್ಲ. ಒಳ್ಳೆಯ ಅಣ್ಣಂದಿರೇ ಈ ಕೆಲಸವನ್ನು ಮಾಡುತ್ತಾರೆ, ಒಳ್ಳೆಯ ತಂಗಿಯರೇ ಮಾಡಗೊಡುತ್ತಾರೆ.

ನಾನು ಬಿಟ್ಟುಕೊಟ್ಟದ್ದು ಎಷ್ಟು? ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಸಂಘದ ಬಹುತೇಕ ಸದಸ್ಯೆಯರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೂಲರೂಪದಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕಿರಲಿಲ್ಲ. ತಂದೆ, ಇಬ್ಬರು ಗಂಡುಮಕ್ಕಳು ಮೊದಲು ಮೂರು ಸಮಪಾಲು ಮಾಡಿಕೊಂಡಂತೆ ಭಾವಿಸಬೇಕು. ಒಬ್ಬೊಬ್ಬರಿಗೆ 6 ಎಕರೆ. ಆಮೇಲೆ ತಂದೆಯ 6 ಎಕರೆಯಲ್ಲಿ ಮೂವರು ಮಕ್ಕಳಿಗೆ ಎರಡೆರಡು. ಅಂದರೆ ಅಣ್ಣಂದಿರಿಗೆ ಎಂಟೆಂಟು, ನನಗೆ ಎರಡು. 1994ರ ಜುಲೈ 30ರಂದು ಕರ್ನಾಟಕದಲ್ಲಿ ಜಾರಿಗೆ ಬಂದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ನನ್ನ ಮದುವೆ ಎಂಟು ವರ್ಷ ತಡವಾಗಿದ್ದರೆ ನನ್ನ ಪಾಲು ಎರಡಲ್ಲ, ಆರು ಎಕರೆ! ಒಂದೇ ತಂದೆಯ ಹೆಣ್ಣುಮಕ್ಕಳಲ್ಲಿ ತಾಳಿ ಕಟ್ಟಿದ ದಿನಾಂಕ ನೋಡಿ ಒಬ್ಬಳನ್ನು ಮಗಳೆಂದೂ ಇನ್ನೊಬ್ಬಳನ್ನು ಪರಕೀಯಳೆಂದೂ ವಿಂಗಡಿಸಿದ ಕಾನೂನು ಅದು. ಮಹಾರಾಷ್ಟ್ರದ ತಿದ್ದುಪಡಿ ಅದಕ್ಕಿಂತ ಐದಾರು ವಾರ ಮೊದಲು, ಜೂನ್ 22ರಂದು ಬಂದಿತ್ತು. ಅಲ್ಲಿಯೂ ಇದೇ ಕಟ್ಟಳೆ.

ಈ ‘ಹುಟ್ಟಿನಿಂದ ಬರುವ ಹಕ್ಕು’ ಎಂಬ ಮಾತಿನ ತೌರುಮನೆ ಯಾವುದೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದು ನಮ್ಮದೇ ಕಲ್ಯಾಣ. ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯದರ ಆರಂಭದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಇಡೀ ಹಿಂದೂ ಭಾರತದ ಆಸ್ತಿ ಹಂಚಿಕೆಯನ್ನು ಆಳಿತು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಪ್ರತೀತಿ. ಕನ್ನಡ ನಾಡು ಭಾರತಕ್ಕೆ ಏನು ಕೊಟ್ಟಿತು ಎಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಪಟ್ಟಿ ಮಾಡುವಾಗ ಈ ಹೆಸರು ಬರುವುದೇ ಇಲ್ಲ. ಬಂದರೂ ಹೆಮ್ಮೆಯಷ್ಟೇ ಮುಜುಗರವೂ ಆಗಬೇಕು. ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಒಡೆತನ ಎಂಬ ತತ್ವವನ್ನು ದೃಢವಾಗಿ ನಿಲ್ಲಿಸಿದ ಗ್ರಂಥ ಅದು. ಆದರೂ ಪೂರ್ತಿ ದೋಷವನ್ನು ಆ ಹಿರಿಯನ ತಲೆಗೆ ಕಟ್ಟುವುದು ಅನ್ಯಾಯ. ಗಂಡುಮಕ್ಕಳಿಲ್ಲದೆ, ವಿಭಕ್ತನಾಗಿ ಸತ್ತವನ ಆಸ್ತಿ ಅವನ ವಿಧವೆಗೆ, ಅವಳ ನಂತರ ಮಗಳಿಗೆ ಸಲ್ಲಬೇಕೆಂದು ವಾದಿಸಿದವನು ಅವನೇ. ಸ್ತ್ರೀಧನವೆಂದರೆ ಮದುವೆಯ ಉಡುಗೊರೆ ಮಾತ್ರವಲ್ಲ, ವಾರಸಿನಿಂದ, ಖರೀದಿಯಿಂದ, ವಿಭಾಗದಿಂದ ಬಂದದ್ದೂ ಸ್ತ್ರೀಧನವೇ ಎಂದವನೂ ಅವನೇ. ಆ ವಿಶಾಲವಾದ ಅರ್ಥವನ್ನು ಕತ್ತರಿಸಿ ಕಿರಿದು ಮಾಡಿದ್ದು ಲಂಡನ್ನಿನಲ್ಲಿ ಕುಳಿತ ಪ್ರಿವಿ ಕೌನ್ಸಿಲ್. ಆ ಲಂಡನ್ನಿನ ವಿವಾಹಿತ ಸ್ತ್ರೀಗೆ ತನ್ನ ಹೆಸರಿನಲ್ಲಿ ಸ್ವಂತ ಆಸ್ತಿ ಇಟ್ಟುಕೊಳ್ಳುವ ಹಕ್ಕು ಪೂರ್ಣವಾಗಿ ಬಂದದ್ದಾದರೂ ಯಾವಾಗ? 1882ರಲ್ಲಿ. ಪಾಶ್ಚಾತ್ಯರೆಲ್ಲ ಮುಂದುವರಿದವರು, ನಾವೆಲ್ಲ ಹಿಂದುಳಿದವರು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಗಂಡನೇ ಮನೆಯ ಯಜಮಾನ ಎಂಬ ಕಾನೂನು 1988ರವರೆಗೆ ಜೀವಂತವಾಗಿತ್ತು. ಬ್ರಿಟನ್ನಿನ ಸಿಂಹಾಸನಕ್ಕೆ ಅಕ್ಕನಿಗಿಂತ ತಮ್ಮ ಮೊದಲು ಎಂಬ ನಿಯಮ ರದ್ದಾಗಿ ಜಾರಿಗೆ ಬಂದದ್ದು 2015ರಲ್ಲಿ, ಕರ್ನಾಟಕದ ಮಗಳಿಗೆ ಹುಟ್ಟಿನ ಹಕ್ಕು ಸಿಕ್ಕ 21 ವರ್ಷಗಳ ಬಳಿಕ.

ಕನ್ನಡಿಗರಿಗೆ ಹೆಮ್ಮೆ ಬೇಕೆಂದರೆ ಅದಕ್ಕೂ ಕಾರಣಗಳಿವೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ತಂದೆ-ಮಕ್ಕಳು ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ, ಸೋದರರಿಗಿಂತ ಕಡಿಮೆಯಾದರೂ, ಒಂದು ಪಾಲನ್ನು ಇಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಆಗ ಅಂಥದೊಂದು ಮಾತನ್ನು ಎತ್ತಿದರೆ ಧರ್ಮ ಮುಳುಗಿತೆಂಬ ಕೂಗು ಏಳುತ್ತಿತ್ತು. 1941ರಲ್ಲಿ ನೇಮಕವಾಗಿ 1944ರಲ್ಲಿ ಮರುಜೀವ ಪಡೆದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು. ಆ ಸಮಿತಿಯ ಕರಡಿನಲ್ಲಿ ಮಗಳಿಗೆ ಮಗನ ಅರ್ಧ ಪಾಲಿತ್ತು. ಅದನ್ನು ಪೂರ್ತಿ ಮಾಡಹೊರಟವರು ಅಂಬೇಡ್ಕರ್. ಸಂಸತ್ತು ಆ ಸಂಹಿತೆಯನ್ನು ಮುಂದೂಡುತ್ತಲೇ ಹೋದಾಗ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಐದು ವರ್ಷಗಳ ಮೇಲೆ ಬಂದ ಕಾಯಿದೆ ಮಗಳಿಗೆ ತಂದೆಯ ಪಾಲಿನಲ್ಲೊಂದು ಪಾಲು ಕೊಟ್ಟು, ಗಂಡುಮಕ್ಕಳ ಜನ್ಮಸಿದ್ಧ ಕೋಟೆಯನ್ನು ಮುಟ್ಟದೆ ಬಿಟ್ಟಿತು. ಆ ಕೋಟೆಗೆ 1986ರಲ್ಲಿ ಆಂಧ್ರ, 1989ರಲ್ಲಿ ತಮಿಳುನಾಡು, 1994ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಬಾಗಿಲು ಕೊರೆದವು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದವನ್ನೂ ಅಳಿಸಿತು.

ಅಲ್ಲಿಗೆ ಮುಗಿಯಿತೆ? ಇಲ್ಲ. ಮುಂದಿನ ಹದಿನೈದು ವರ್ಷಗಳ ಕಥೆ ನಮ್ಮ ಜಿಲ್ಲೆಗಳಲ್ಲಿಯೇ ನಡೆದದ್ದು. ಬೆಳಗಾವಿಯ ನ್ಯಾಯಾಲಯದಲ್ಲಿ 1992ರಲ್ಲಿ ಹೂಡಿದ ಒಂದು ದಾವೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ಪ್ರಕಾಶ್ ವಿರುದ್ಧ ಫುಲಾವತಿ ಎಂಬ ಹೆಸರಿನಲ್ಲಿ 2015ರ ಅಕ್ಟೋಬರಿನಲ್ಲಿ ತೀರ್ಪಾಯಿತು: 2005ರ ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು. ತಂದೆ ಒಂದು ದಿನ ಮೊದಲು ಸತ್ತಿದ್ದರೆ ಮಗಳು ಮಗಳಲ್ಲ. ಮುಂದೆ 2018ರ ಫೆಬ್ರವರಿ 1ರಂದು, ದಾನಮ್ಮ ವಿರುದ್ಧ ಅಮರ್ ಎಂಬ ಮೊಕದ್ದಮೆಯಲ್ಲಿ, ತಂದೆ 2001ರಲ್ಲಿಯೇ ತೀರಿಹೋಗಿದ್ದರೂ ಇಬ್ಬರು ಹೆಣ್ಣುಮಕ್ಕಳಿಗೆ ಐದರಲ್ಲೊಂದರಂತೆ ಪಾಲು ಸಿಕ್ಕಿತು. ಇದೂ ನಮ್ಮ ಕಡೆಯದೇ. ಕೆಳಗಿನ ನ್ಯಾಯಾಲಯವು, ಇವರು 1956ಕ್ಕೆ ಮೊದಲು ಹುಟ್ಟಿದವರೆಂದು ತಳ್ಳಿಹಾಕಿದ್ದನ್ನು ಹೈಕೋರ್ಟಿನ ಗುಲಬರ್ಗಾ ಪೀಠ 2012ರಲ್ಲಿ ಎತ್ತಿಹಿಡಿದಿತ್ತು. ಒಂದೇ ನ್ಯಾಯಾಲಯದ ಎರಡು ತೀರ್ಪುಗಳು ಎರಡು ದಾರಿ ತೋರಿದ್ದರಿಂದ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಗೊಂದಲವನ್ನು ಮುಗಿಸಿತು. ಹಕ್ಕು ಹುಟ್ಟಿನಿಂದ ಬರುವುದು. ತಂದೆ ಬದುಕಿದ್ದನೆ ಸತ್ತಿದ್ದನೆ ಎಂಬುದು ಲೆಕ್ಕಕ್ಕಿಲ್ಲ. ಬಾಯಿಮಾತಿನ ವಾಟ್ನಿ ಎಂದೋ ಆಗಿತ್ತು ಎಂಬ ಸಬೂಬನ್ನೂ, ಸರ್ಕಾರಿ ದಾಖಲೆಯ ಬೆಂಬಲವಿಲ್ಲದಿದ್ದರೆ, ಸುಲಭವಾಗಿ ಒಪ್ಪಲಾಗದು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಗಳನ್ನು ಕಾನೂನು ಹಾಗೆಯೇ ಉಳಿಸಿದೆ. ನನ್ನ ಬಾಗಿಲು 1998ರಲ್ಲಿಯೇ ಮುಚ್ಚಿತ್ತು, ಮುಚ್ಚಿಯೇ ಇದೆ. ಆದ್ದರಿಂದ ಈ ಲೇಖನದಲ್ಲಿ ನನಗೆ ಸ್ವಂತ ಲಾಭವಿದೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಮುಂದಿನ ಪ್ರಶ್ನೆಯೇ ಮುಖ್ಯವಾದದ್ದು. ಇಷ್ಟು ಕಾನೂನು, ಇಷ್ಟು ತೀರ್ಪುಗಳಾದ ಮೇಲೂ ಭೂಮಿ ಯಾರ ಹೆಸರಿನಲ್ಲಿದೆ? 2015-16ರ ಕೃಷಿಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನವು ನೂರಕ್ಕೆ ಸುಮಾರು 14. ಕರ್ನಾಟಕ, ಮಹಾರಾಷ್ಟ್ರಗಳ 1994ರ ತಿದ್ದುಪಡಿಯ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ಅಳೆದು ನೋಡಿದ್ದಾರೆ: ಹೆಣ್ಣುಮಕ್ಕಳಿಗೆ ಭೂಮಿ ಸಿಗುವ ಸಾಧ್ಯತೆ ಹೆಚ್ಚಿತು, ಅವರ ವಿದ್ಯಾಭ್ಯಾಸವೂ ಮದುವೆಯ ವಯಸ್ಸೂ ಏರಿದವು, ಆದರೆ ಅಸಮಾನತೆ ಅಳಿಯಲಿಲ್ಲ. ಇನ್ನೊಂದು ಸಂಶೋಧನೆಯ ಫಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ರಾಜ್ಯಗಳು ಹೆಣ್ಣಿಗೆ ಆಸ್ತಿಹಕ್ಕು ಕೊಟ್ಟ ಮೇಲೆ, ಮೊದಲ ಮಗು ಹೆಣ್ಣಾದ ಮನೆಗಳಲ್ಲಿ ಎರಡನೆಯ ಹೆಣ್ಣುಭ್ರೂಣದ ಹತ್ಯೆ ಹೆಚ್ಚಿತಂತೆ. ಪಾಲು ಕೊಡಬೇಕಾದೀತೆಂಬ ಭಯಕ್ಕೆ ಪಾಲುಗಾರ್ತಿಯನ್ನೇ ಹುಟ್ಟಗೊಡದ ಸಮಾಜ ನಮ್ಮದು. ಭ್ರೂಣಲಿಂಗ ಪರೀಕ್ಷೆಯನ್ನು ನಿರ್ಬಂಧಿಸಲು 1988ರಲ್ಲಿಯೇ ದೇಶಕ್ಕೆ ಮೊದಲಾಗಿ ಕಾಯಿದೆ ಮಾಡಿದ್ದು ಇದೇ ಮಹಾರಾಷ್ಟ್ರ. 2011ರ ಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇಲ್ಲಿ ಇದ್ದ ಹೆಣ್ಣುಮಕ್ಕಳು 894. ಮುನ್ನಡೆ ಮತ್ತು ಹಿನ್ನಡೆಗಳು ಬೇರೆ ಬೇರೆ ದೇಶಗಳಲ್ಲಿ ಇರುವುದಿಲ್ಲ; ಒಂದೇ ಕಾಯಿದೆಯ ಎರಡು ಮಗ್ಗುಲುಗಳಾಗಿರುತ್ತವೆ.

ಬೀಜಿಂಗ್ ಸಮ್ಮೇಳನದಲ್ಲಿಯೂ ಹೆಣ್ಣುಮಗುವಿನ ಸಮಾನ ವಾರಸು ಎಂಬ ಮಾತು ಸುಲಭವಾಗಿ ದಕ್ಕಲಿಲ್ಲ. ಕೆಲವು ರಾಷ್ಟ್ರಗಳು ತಕರಾರನ್ನು ದಾಖಲಿಸಿಯೇ ಹೊರಟವು. ಟ್ಯುನೀಷಿಯಾದಲ್ಲಿ ಸಮಾನ ವಾರಸಿನ ಮಸೂದೆಗೆ 2018ರಲ್ಲಿ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಅದನ್ನು ಮುಂದಿಟ್ಟ ಅಧ್ಯಕ್ಷರು ಮರುವರ್ಷ ತೀರಿಕೊಂಡರು, ಮಸೂದೆಯೂ ನಿಂತುಹೋಯಿತು. ನೇಪಾಳ 2002ರಲ್ಲಿ ಮಗಳಿಗೆ ಹಕ್ಕು ಕೊಟ್ಟು, ಮದುವೆಯಾದರೆ ಹಿಂದಿರುಗಿಸಬೇಕೆಂದಿತು. ಓದುಗರು ನಗಬಾರದು. ನಾವು ಕಾನೂನಿನಲ್ಲಿ ಬರೆಯದೆ ಅದನ್ನೇ ಮಾಡುತ್ತಿದ್ದೇವೆ.

ಇನ್ನು ಅಣ್ಣಂದಿರ ಕಡೆಯ ವಾದಗಳನ್ನು ನೋಡೋಣ. ಮೊದಲನೆಯದು, ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂಬುದು. ವರದಕ್ಷಿಣೆ 1961ರಿಂದ ಅಪರಾಧ. ಅಪರಾಧವನ್ನು ಎಸಗಿ ಅದನ್ನೇ ಪಾವತಿಯ ರಶೀದಿಯೆಂದು ತೋರಿಸುವ ಜಾಣ್ಮೆ ಬೇರೆ ಯಾವ ವ್ಯವಹಾರದಲ್ಲೂ ನಡೆಯದು. ಆ ಹಣ ಮಗಳ ಕೈ ಸೇರಿತೆ, ಅಳಿಯನ ಕೈ ಸೇರಿತೆ? ಎರಡನೆಯದು, ಭೂಮಿ ತುಂಡಾಗುತ್ತದೆ ಎಂಬುದು. ಮೂವರು ಗಂಡುಮಕ್ಕಳಿದ್ದರೆ ತುಂಡಾಗದ ಭೂಮಿ, ಒಬ್ಬ ಮಗ ಇಬ್ಬರು ಹೆಣ್ಣುಮಕ್ಕಳಿದ್ದರೆ ಮಾತ್ರ ತುಂಡಾಗುವುದೆ? ಅಲ್ಲದೆ ಪುಣೆಯಲ್ಲಿ ನೆಲೆಸಿ ನಾಲ್ಕು ದಶಕಗಳಾದ, ನೇಗಿಲು ಮುಟ್ಟದ ನಮ್ಮ ಗಂಡಸರು ಊರಿನ ಪಹಣಿಯಲ್ಲಿ ತಮ್ಮ ಹೆಸರು ಉಳಿಸಿಕೊಂಡಿಲ್ಲವೆ? ಮಾರ್ಕೆಟ್ ಯಾರ್ಡಿನ ಗಾಳೆಯಲ್ಲಿ ಕುಳಿತವನು ರೈತನಾಗಬಹುದು. ಅವನ ತಂಗಿ ಪಕ್ಕದ ಹಳ್ಳಿಯಲ್ಲೇ ಕಳೆ ತೆಗೆಯುತ್ತಿದ್ದರೂ ಆಗಬಾರದು.

ಮೂರನೆಯ ವಾದ, ಅವಳೇ ಬೇಡವೆಂದಳು ಎಂಬುದು. ಈ ವಾದದಲ್ಲಿ ಸತ್ಯವಿದೆ, ಆದ್ದರಿಂದಲೇ ಇದು ಅಪಾಯಕಾರಿ. ಬೇಡವೆಂದಳು ನಿಜ. ಏಕೆ ಬೇಡವೆಂದಳು? ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ತವರೆಂದರೆ ಬರಿಯ ಮನೆಯಲ್ಲ. ಗಂಡನ ಮನೆಯಲ್ಲಿ ಮಾತು ಮಿತಿಮೀರಿದ ದಿನ ಹೋಗಿ ನಿಲ್ಲಬಹುದಾದ ಒಂದೇ ಹೊಸ್ತಿಲು ಅದು. ಚೊಚ್ಚಲ ಬಾಣಂತನಕ್ಕೆ, ಪಂಚಮಿಯ ಜೋಕಾಲಿಗೆ, ಗಂಡ ಸತ್ತರೆ ಮೂರು ತಿಂಗಳ ಅಳುವಿಗೆ ಅದೊಂದೇ ಜಾಗ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಬಾಲ್ಯದಿಂದ ಕೇಳುತ್ತ ಬೆಳೆದವಳಿಗೆ ಆ ಹೊಸ್ತಿಲಾದರೂ ಉಳಿಯಲಿ ಎಂಬ ಆಸೆ. ಪಾಲು ಕೇಳಿದರೆ ತವರು ಹೋಗುತ್ತದೆ, ಬಿಟ್ಟುಕೊಟ್ಟರೆ ಉಳಿಯುತ್ತದೆ. ಇದು ದಾನವಲ್ಲ, ವಿಮೆ. ವರ್ಷಕ್ಕೊಂದು ಸೀರೆ, ಕಷ್ಟಕಾಲಕ್ಕೊಂದು ಆಸರೆ ಎಂಬ ಎಣಿಕೆಯ ಮೇಲೆ ಅವಳು ತನ್ನ ಜಮೀನನ್ನೇ ಕಂತಾಗಿ ಕಟ್ಟುತ್ತಾಳೆ. ಆ ವಿಮೆಯ ಹಣ ಎಷ್ಟು ಜನರಿಗೆ ಸಂದಿದೆ ಎಂದು ನಮ್ಮ ಸಂಘದ ವಿಧವೆಯರನ್ನು, ಗಂಡ ಬಿಟ್ಟವರನ್ನು ಕೇಳಿ ನೋಡಿ.

ತುಳುನಾಡಿನ ಬಂಧುಗಳು, ವಿಶೇಷವಾಗಿ ಹೋಟೆಲು ಉದ್ಯಮದಲ್ಲಿರುವವರು, ‘ಇದು ನಿಮ್ಮ ಘಟ್ಟದ ಮೇಲಿನವರ ತಂಟೆ, ನಮ್ಮದು ಅಳಿಯಸಂತಾನ, ನಮ್ಮಲ್ಲಿ ಹೆಣ್ಣಿನಿಂದಲೇ ಕುಟುಂಬ’ ಎನ್ನುವುದುಂಟು. ಮಾತು ಚೆಂದ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, ಅದರ ಮೇಲೆ 1956ರ ಕಾಯಿದೆ ಬಂದು ಆ ಕಟ್ಟು ಬಹುಮಟ್ಟಿಗೆ ಸಡಿಲಿತು; ಕಾಸರಗೋಡಿನಲ್ಲಾದರೆ ಕೇರಳದ 1975ರ ಕಾಯಿದೆ ಕೂಡುಕುಟುಂಬವನ್ನೇ ರದ್ದುಮಾಡಿತು. ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿದ್ದ ಆಸ್ತಿ ದೇಶದ ಉಳಿದವರ ಆಸ್ತಿಯಂತೆ ಹರಿಯತೊಡಗಿದ ಮೇಲೆ, ಪುಣೆಯಲ್ಲಿ ದುಡಿದು ಗಳಿಸಿದ ಹೋಟೆಲುಗಳು ಯಾರಿಗೆ ಹೋದವು? ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಅಳಿಯಂದಿರೂ ಅಲ್ಲ, ಹೆಣ್ಣುಮಕ್ಕಳೂ ಅಲ್ಲ ಎಂಬುದನ್ನು ನಾನು ಮೂವತ್ತು ವರ್ಷಗಳಿಂದ ದೋಸೆ ತಿನ್ನುತ್ತ ಗಮನಿಸಿದ್ದೇನೆ.

ಅಪ್ಪರ್ ಇಂದಿರಾನಗರದ ಗುಡ್ಡದ ಮೇಲಿನ ಓಣಿಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಊರಿನಲ್ಲಿ ಬಿಟ್ಟುಕೊಡಲು ಎಕರೆಗಳಿಲ್ಲ. ಈ ಲೇಖನ ಅವರ ಸಂಕಟವನ್ನು ಮುಟ್ಟುವುದಿಲ್ಲವೆಂದು ನನಗೆ ಗೊತ್ತು, ಅವರು ನಮ್ಮ ಸಂಘದ ಸದಸ್ಯರೂ ಅಲ್ಲ ಎಂಬುದು ಇನ್ನೊಂದು ನಾಚಿಕೆ. ಸರ್ಕಾರ ತಿಂಗಳಿಗೆ ಅಲ್ಲಿ 2,000, ಇಲ್ಲಿ 1,500 ರೂಪಾಯಿಗಳ ಯೋಜನೆ ಮಾಡಿದಾಗ ಅವರನ್ನು ಲೇವಡಿ ಮಾಡಿದ ಮಧ್ಯಮವರ್ಗದ ಗಂಡಸರೇ, ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಮಹಿಳೆಯ ಹೆಸರಿನಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರ ರಿಯಾಯಿತಿ ಘೋಷಿಸಿದಾಗ ಹೆಂಡತಿಯ ಹೆಸರನ್ನು ಓಡಿಹೋಗಿ ಬರೆಸಿದರು. ಸ್ತ್ರೀಯ ಹೆಸರಿಗೆ ನಮ್ಮಲ್ಲಿ ಬೆಲೆ ಇಲ್ಲವೆಂದು ಯಾರು ಹೇಳಿದರು? ಶೇಕಡಾ 1 ಇದೆ.

ಹೊರನಾಡಿನವರಾದ ನಮಗೇ ವಿಶಿಷ್ಟವಾದ ಒಂದು ಮಾತು ಉಳಿದಿದೆ, ಈ ಲೇಖನ ಬರೆಯಲು ನಿಜವಾದ ಕಾರಣವೂ ಅದೇ. ನನ್ನ ಕಾಲದವರಿಗೆ ಪತ್ರವನ್ನು ಓದಲು ಬರುತ್ತಿತ್ತು; ಓದದೆ ಸಹಿ ಮಾಡಿದೆವು, ಅದು ನಮ್ಮ ತಪ್ಪು. ನಮ್ಮ ಹೆಣ್ಣುಮಕ್ಕಳಿಗೆ ಓದಲೇ ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತರು, ಮರಾಠಿ ಕಲಿತರು, ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಅಕ್ಷರ ಮಾತ್ರ ಕಲಿಯಲಿಲ್ಲ. ಈಚಿನ ನಾಲ್ಕೈದು ವರ್ಷಗಳಲ್ಲಿ ನನ್ನ ಪರಿಚಯದ ಮೂರು ಮನೆಗಳಲ್ಲಿ ಇದನ್ನು ಕಂಡೆ: ಅಜ್ಜನ ಭೂಮಿಯ ವಾರಸಾ ಮಾಡಿಸಬೇಕಿದೆ ಎಂದು ಕಾಕಾ ಊರಿನಿಂದ ಫೋನು ಮಾಡುತ್ತಾನೆ, ತಂದೆ ಇಲ್ಲದ ಹುಡುಗಿ ಎರಡು ದಿನದ ರಜೆ ಹಾಕಿ ಹೋಗುತ್ತಾಳೆ, ಹತ್ತು ಪುಟಗಳ ಕನ್ನಡ ಪತ್ರಕ್ಕೆ ಪುಟಪುಟಕ್ಕೂ ಇಂಗ್ಲಿಷಿನಲ್ಲಿ ಸಹಿ ಹಾಕುತ್ತಾಳೆ. ಏನು ಬರೆದಿತ್ತು ಎಂದು ಕೇಳಿದರೆ, ‘ಹೆಸರು ಸೇರಿಸೋದು ಅಂದ್ರು’ ಎನ್ನುತ್ತಾಳೆ. ಸೇರಿಸಿದ್ದಲ್ಲ, ತೆಗೆದದ್ದು! ಎಂಜಿನಿಯರಿಂಗ್ ಪದವೀಧರೆ, ಪರದೇಶದ ಕಂಪನಿಯ ಒಪ್ಪಂದಗಳನ್ನು ಸಾಲುಸಾಲಾಗಿ ಪರಿಶೀಲಿಸುವವಳು, ತನ್ನ ತಾಯ್ನುಡಿಯ ಪತ್ರದ ಮುಂದೆ ಅನಕ್ಷರಸ್ಥೆ.

ಇದಕ್ಕೆ ಹೊಣೆ ಯಾರು? ಕನ್ನಡ ಉಳಿಸಿ, ಬೆಳೆಸಿ ಎಂದು ಮೂರು ದಶಕ ಕೂಗಿದ ನಾವು. ಸಂಘದ ರವಿವಾರದ ಕನ್ನಡ ವರ್ಗದಲ್ಲಿ ವರ್ಣಮಾಲೆಯ ಅರ್ಧಕ್ಕೆ ಬಂದಾಗ ವಾರ್ಷಿಕೋತ್ಸವ ಬರುತ್ತದೆ, ನೃತ್ಯದ ತಾಲೀಮು ಶುರುವಾಗುತ್ತದೆ, ಒತ್ತಕ್ಷರಗಳು ಮುಂದಿನ ವರ್ಷಕ್ಕೆ ಹೋಗುತ್ತವೆ. ಮಗ ಕನ್ನಡ ಓದಲಾರದಿದ್ದರೆ ಅವನಿಗೆ ನಷ್ಟ ಸಾಹಿತ್ಯದ್ದು. ಮಗಳು ಓದಲಾರದಿದ್ದರೆ ನೆಲದ್ದೂ ಹೌದು. ಕಾರ್ಕಳ ತಾಲೂಕಿನ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ಊರವರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಓದಿಸಿದರು. ಆ ತಾಯಿಯಿಂದ ಕಲಿತ ಮಗಳು ಪಂಡಿತಾ ರಮಾಬಾಯಿ 1890ರಲ್ಲಿ ತಮ್ಮ ಶಾರದಾ ಸದನವನ್ನು ಇದೇ ಪುಣೆಗೆ ತಂದರು. ಹೆಣ್ಣಿಗೆ ಓದಲು ಬಂದರೆ ಏನೇನಾಗುತ್ತದೆ ಎಂಬುದು ಈ ಊರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಇಷ್ಟನ್ನು ಬರೆದು ನನ್ನ ಮನೆಯ ಮಾತನ್ನು ಮುಚ್ಚಿಟ್ಟರೆ ನಾನು ಆಷಾಢಭೂತಿಯಾಗುತ್ತೇನೆ. ನನ್ನ ಯಜಮಾನರದು ಅಥಣಿಯ ಕಡೆ. ಒಬ್ಬನೇ ಮಗ, ಇಬ್ಬರು ಅಕ್ಕಂದಿರು. ಅತ್ತೆ ಮಾವ ಇಬ್ಬರೂ ತೀರಿಕೊಂಡ ಮೇಲೆ, 2003ರಲ್ಲಿ ಅಕ್ಕಂದಿರು ಹಕ್ಕು ಬಿಡುಗಡೆ ಬರೆದುಕೊಟ್ಟರು. ಆ ದಿನ ಅವರ ಉಡಿ ತುಂಬಿದವಳು ನಾನು. ಐದು ವರ್ಷ ಹಿಂದೆ ನನಗಾದದ್ದೇ ಇದು ಎಂಬ ಯೋಚನೆ ನನಗೆ ಬರಲಿಲ್ಲ. ಬಂದಿದ್ದರೆ ಪಕ್ಕಕ್ಕೆ ಸರಿಸಿದ್ದಿರಬೇಕು. ಭೂಮಿ ಮಾರಿ ಬಿಬವೇವಾಡಿಯಲ್ಲಿ ಈ ಮನೆಯನ್ನು ಕೊಂಡೆವು. 1956ರ ಹಳೆಯ ಲೆಕ್ಕದ ಪ್ರಕಾರವೇ ಅವರಿಗೆ ತಲಾ ಆರರಲ್ಲೊಂದು ಪಾಲಿತ್ತು, ಇಬ್ಬರದೂ ಸೇರಿದರೆ ಮೂರರಲ್ಲೊಂದು. ನಮ್ಮ ಮನೆಯಲ್ಲಿ ಮೂರು ಕೋಣೆಗಳಿವೆ. ಒಂದರಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ, ಅದು ಅವರದು.

2020ರ ತೀರ್ಪಿನ ಸುದ್ದಿ ಓದಿದ ದಿನ ಯಜಮಾನರ ಜೊತೆ ಮಾತು ತೆಗೆದೆ. ಅವರು ಮೂರು ದಿನ ಮಾತಾಡಲಿಲ್ಲ. ಆಮೇಲೆ ನಡೆದ ಚರ್ಚೆ ನ್ಯಾಯದ ಬಗ್ಗೆ ಅಲ್ಲ, ಅಂದಿನ ಬೆಲೆಯೋ ಇಂದಿನ ಬೆಲೆಯೋ ಎಂಬುದರ ಬಗ್ಗೆ. ಎರಡು ವರ್ಷ ಹಿಡಿಯಿತು. ಕೊನೆಗೆ ಒಂದು ಮೊತ್ತವನ್ನು ಹೊಂದಿಸಿಕೊಂಡು ಹೋದೆವು. ಕಿರಿಯ ನಾದಿನಿ ತೆಗೆದುಕೊಂಡಳು. ಅವಳ ಮೊಮ್ಮಗಳ ಓದಿಗೆ ಬೇಕಿತ್ತು. ಹಿರಿಯಳು ಕೈ ಮುಂದೆ ಮಾಡಲಿಲ್ಲ. ‘ಇದನ್ನ ತಗೊಂಡ್ರ ಲೆಕ್ಕ ಮುಗದಂಗಾತು. ಮುಂದಿನ ಪಂಚಮಿಗೆ ನಾ ಯಾರ ಮನಿಗೆ ಬರ್ಲಿ?’ ಎಂದಳು. ಅವಳಿಗೆ ಎಪ್ಪತ್ತನಾಲ್ಕು ವರ್ಷ. ಅವಳ ಪಾಲಿನ ಹಣ ಬ್ಯಾಂಕಿನಲ್ಲಿದೆ, ಅವಳ ಹೆಸರಿನಲ್ಲಿ. ಅವಳು ಪಂಚಮಿಗೆ ಬರುತ್ತಾಳೆ, ಆ ಮಾತನ್ನು ನಾವೂ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ.

ಸಂಘದ ಕಾರ್ಯಕಾರಿ ಸಮಿತಿಗೆ ನಾನು ಒಂದು ಪತ್ರ ಕೊಟ್ಟಿದ್ದೇನೆ. ತಿಂಗಳಲ್ಲಿ ಒಂದು ರವಿವಾರ ನಮ್ಮ ಸದಸ್ಯರಲ್ಲಿಯೇ ಇರುವ ಮೂವರು ವಕೀಲರು ಕುಳಿತು, ಊರಿನಿಂದ ಸಹಿಗೆ ಬಂದ ಯಾವುದೇ ಕನ್ನಡ ಪತ್ರವನ್ನು ಹೆಣ್ಣುಮಕ್ಕಳಿಗೆ ಓದಿ ಅರ್ಥ ಹೇಳಬೇಕು, ಶುಲ್ಕವಿಲ್ಲದೆ. ರವಿವಾರದ ಕನ್ನಡ ವರ್ಗದ ಎರಡನೆಯ ವರ್ಷದಲ್ಲಿ ಪಹಣಿ, ಉತಾರ, ವಾಟ್ನಿ ಪತ್ರಗಳನ್ನು ಪಾಠವಾಗಿ ಇಡಬೇಕು. ಹಾಡು ಕುಣಿತಗಳೂ ಇರಲಿ. ಸದಸ್ಯತ್ವದ ಅರ್ಜಿಯಲ್ಲಿ ‘ಕುಟುಂಬದ ಯಜಮಾನರ ಹೆಸರು’ ಎಂಬ ಕಾಲಮನ್ನು ತೆಗೆಯಬೇಕು. ಸಮಿತಿಯ ಹದಿಮೂರು ಜನರಲ್ಲಿ ಮಹಿಳೆಯರು ಇಬ್ಬರು, ಇಬ್ಬರೂ ಮಹಿಳಾ ವಿಭಾಗದ ಹೊಣೆಯವರು. ಮೊದಲ ಎರಡು ಸಲಹೆಗಳ ಬಗ್ಗೆ, ‘ಸಾಂಸ್ಕೃತಿಕ ಸಂಘ ಕುಟುಂಬದ ಜಗಳಗಳಲ್ಲಿ ತಲೆ ಹಾಕಬಾರದು’ ಎಂಬ ಅಭಿಪ್ರಾಯ ಬಂದಿದೆಯಂತೆ, ಮೂರನೆಯದನ್ನು ಪರಿಶೀಲಿಸುತ್ತಾರಂತೆ. ವಿಷಯ ವಾರ್ಷಿಕ ಸರ್ವಸಾಧಾರಣ ಸಭೆಯ ಮುಂದೆ ಬರಲಿದೆ. ವಿರೋಧಿಸುವವರು ದಯವಿಟ್ಟು ತಮ್ಮ ಅಕ್ಕತಂಗಿಯರನ್ನೂ ಜೊತೆಗೆ ಕರೆತರಲಿ. ಸಭೆಯ ಸೂಚನಾಪತ್ರ ಕನ್ನಡದಲ್ಲಿರುತ್ತದೆ, ಓದಲು ಬಾರದವರಿಗೆ ನಾನು ಓದಿ ಹೇಳುತ್ತೇನೆ.